ಹುಲಿ ತಿಂದರೂ ನಗು ಬರಬೇಕು: ಪುಟ್ಟ ಮಕ್ಕಳಿಗೆ ಯಾವ ಪ್ರಾಸದ ಪುಸ್ತಕ ತರೋಣ?

ಹೋದ ಮಳೆಗಾಲದಲ್ಲಿ ಶಿವಮೊಗ್ಗದ ಹೊಳೆ ಸೇತುವೆ ದಾಟುತ್ತಿದ್ದೆವು. ತುಂಗೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ನನ್ನ ತಂಗಿಯ ಮಗಳಿಗೆ ಆಗ 5 ವರ್ಷ. ಆಟೋದ ಕಂಬಿ ಹಿಡಿದು ನೀರನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕೇಳಿದಳು, "ದೊಡ್ಡಮ್ಮ, ಅಷ್ಟೂ ಇಲಿ ಸತ್ತಿದ್ದು ಇಲ್ಲೇನಾ?" ಹಿಂದಿನ ರಾತ್ರಿ ಅವಳಿಗೆ ಕಿಂದರಿಜೋಗಿ ಓದಿ ಹೇಳಿದ್ದೆ. "ಇದೇ ಹೊಳೆ ಪುಟ್ಟಿ" ಅಂದೆ. ಅವಳು ಕಿಲಕಿಲ ನಕ್ಕಳು. ಪಕ್ಕದಲ್ಲಿ ಕೂತಿದ್ದ ಅವಳಮ್ಮನಿಗೆ ಮಾತ್ರ ನಗು ಬರಲಿಲ್ಲ. "ಅಕ್ಕ, ಇಷ್ಟು ಚಿಕ್ಕವರಿಗೆ ಇಂಥದ್ದೆಲ್ಲ ಓದಬಹುದಾ?" ಅಂದಳು.

ಈ ಪ್ರಶ್ನೆ ನನಗೆ ಹೊಸದಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಮಕ್ಕಳು ನಮ್ಮನೆ ಜಗಲಿಗೆ ಬರುತ್ತಾರೆ, ನಾನು ಪುಸ್ತಕ ಓದುತ್ತೇನೆ. ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರು ಮೆಟ್ಟಿಲ ಹತ್ತಿರ ನಿಂತು ಹೆಚ್ಚುಕಮ್ಮಿ ಇದನ್ನೇ ಕೇಳುತ್ತಾರೆ. ಹಾಡಿನ ಹಾಗೆ ಓದಿಸಿಕೊಳ್ಳುವ, ಚಿತ್ರ ಇರುವ, ಮಕ್ಕಳು ಬಿದ್ದು ಬಿದ್ದು ನಗುವ ಪುಸ್ತಕ. ಆದರೆ ಅದರೊಳಗೆ ಯಾರನ್ನೋ ಯಾರೋ ನುಂಗಿರುತ್ತಾರೆ, ಯಾರೋ ಬಾವಿಗೆ ಬಿದ್ದಿರುತ್ತಾರೆ. ಇಂಥ ಪುಸ್ತಕ ತರಬೇಕಾ? ತಂದರೆ ಕನ್ನಡದ್ದಾ, ಇಂಗ್ಲಿಷಿನದ್ದಾ? ಅಷ್ಟು ದುಡ್ಡು ಕೊಡಬೇಕಾ, ಫೋನಿನಲ್ಲೇ ಓದಿದರೆ ಆಗಲ್ವಾ?

ತರಬೇಕಾ ಅನ್ನುವುದಕ್ಕೆ ನನ್ನ ಉತ್ತರ, ಖಂಡಿತ ತನ್ನಿ. ಮಕ್ಕಳಿಗೆ ಹೆದರಿಕೆ ಹೇಗೂ ಇದ್ದೇ ಇರುತ್ತದೆ. ಕರೆಂಟು ಹೋದಾಗ ಇರುತ್ತದೆ, ಅಟ್ಟದ ಮೇಲೆ ಏನೋ ಸದ್ದಾದಾಗ ಇರುತ್ತದೆ. ಆ ಹೆದರಿಕೆಯನ್ನು ಮಡಿಲಲ್ಲಿ ಕೂತು, ತಾಳ ಹಾಕಿಕೊಂಡು, ನಗುತ್ತಾ ಮುಟ್ಟಿ ನೋಡುವುದಕ್ಕೆ ಇಂಥ ಪುಸ್ತಕ ಬೇಕು. ಆದರೆ ಎಲ್ಲ ಪುಸ್ತಕ ಎಲ್ಲ ಮಗುವಿಗೂ ಆಗುವುದಿಲ್ಲ. ಹಾಗಾಗಿ ಯಾವುದನ್ನು ಹೇಗೆ ಅಳೆಯಬೇಕು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲು ಬಾಯಿ, ಆಮೇಲೆ ಕಣ್ಣು

ಅಂಗಡಿಯಲ್ಲಿ ಪುಸ್ತಕ ಕೈಗೆ ಬಂದ ತಕ್ಷಣ ಎಲ್ಲರೂ ಚಿತ್ರ ನೋಡುತ್ತಾರೆ. ನೀವು ಮಧ್ಯದ ಒಂದು ಪುಟ ತೆಗೆದು ಬಾಯಿಬಿಟ್ಟು ಓದಿ. ನಾಚಿಕೊಳ್ಳಬೇಡಿ. ತೊಡೆ ಮೇಲೆ ಕೈ ತಟ್ಟಿಕೊಂಡು ಓದಿ. ಎರಡನೇ ಸಾಲಿನಲ್ಲೇ ನಾಲಿಗೆ ಎಡವಿದರೆ ಆ ಪುಸ್ತಕ ಮನೆಗೆ ತಂದು ಪ್ರಯೋಜನವಿಲ್ಲ. ಒಂದೇ ಪುಸ್ತಕವನ್ನು ಮಗು ನಿಮ್ಮ ಕೈಲಿ ನೂರು ಸಲ ಓದಿಸುತ್ತದೆ. ನೂರು ಸಲ ಎಡವೋಕಾಗುತ್ತಾ?

ಕನ್ನಡದಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಬಂದಿತು, ತಿಂದಿತು, ಹೋಗಿತ್ತು, ಕೂತಿತ್ತು. ಏನೂ ಕಷ್ಟಪಡದೆ ಅಂತ್ಯಪ್ರಾಸ ಸಿಕ್ಕಿಬಿಡುತ್ತದೆ. ಹಳೇ ಕಾವ್ಯದವರು ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಕೂರಿಸುತ್ತಿದ್ದರು, ಅದು ನಿಜಕ್ಕೂ ಕಸರತ್ತು. ಮಕ್ಕಳ ಪದ್ಯದಲ್ಲಿ ಕೊನೆಯ ಅಕ್ಷರ ಸೇರಿದರೆ ಸಾಕು ಅಂದುಕೊಂಡು ಬರೆದದ್ದು ಬೇಕಾದಷ್ಟಿದೆ. ಇದನ್ನು ಓದಿ ನೋಡಿ:

ಮೊಸಳೆಯು ನದಿಯ ದಡದಲ್ಲಿ ಬಾಯಿ ತೆರೆದುಕೊಂಡು ಮಲಗಿತ್ತು
ಕಪ್ಪೆಯು ಅದರ ನಾಲಿಗೆಯ ಮೇಲೆ ಹೋಗಿ ಕುಳಿತುಕೊಂಡಿತ್ತು

ಕೊನೆಯಲ್ಲಿ ಪ್ರಾಸ ಇದೆ. ಆದರೆ ಓಟ ಇಲ್ಲ. ಇದು ಗದ್ಯವನ್ನು ಎರಡು ತುಂಡು ಮಾಡಿದ್ದು, ಅಷ್ಟೇ. ಈಗ ಇದನ್ನು ಓದಿ, ತಾಳ ಹಾಕಿ:

ಮೊಸಳೆಯ ನಾಲಿಗೆ ಮೆತ್ತನೆ ಮಂಚ
ಕಪ್ಪೆಯು ಕಣ್ಣನು ಮುಚ್ಚಿತು ಕೊಂಚ

ಎರಡೂ ನಾನೇ ಕಟ್ಟಿದ ಸಾಲು, ವ್ಯತ್ಯಾಸ ತೋರಿಸುವುದಕ್ಕೆ. ಎರಡನೆಯದರಲ್ಲಿ ನಾಲ್ಕು ನಾಲ್ಕು ಮಾತ್ರೆಯ ಗಣ, ಅಂದರೆ ಗುಂಪು, ಬೀಳುತ್ತದೆ (ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ). ಮೊಸಳೆಯ, ನಾಲಿಗೆ, ಮೆತ್ತನೆ, ಆಮೇಲೆ ಮಂಚ ಅನ್ನುವಲ್ಲಿ ಒಂದು ಮಾತ್ರೆ ಕಮ್ಮಿ, ಅಲ್ಲಿ ಉಸಿರು ತಗೊಳ್ಳಬಹುದು. ಆ ಉಸಿರಿನಲ್ಲೇ ಮಗು ಪುಟ ತಿರುಗಿಸುತ್ತದೆ. ಕಪ್ಪೆಗೆ ಏನಾಯಿತು ಅಂತ ಸಾಲಿನಲ್ಲಿ ಹೇಳಲೇ ಇಲ್ಲ, ಗಮನಿಸಿದಿರಾ? ಮುಂದಿನ ಪುಟದಲ್ಲಿ ಮೊಸಳೆ ಬಾಯಿ ಮುಚ್ಚಿದ ಚಿತ್ರ ಇದ್ದರೆ ಸಾಕು.

ಇದರಿಂದಲೇ ಎರಡನೇ ಅಳತೆಗೆ ಬರುತ್ತೇನೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಪುಸ್ತಕದೊಳಗಿನ ಪ್ರಾಣಿಗೆ ಗೊತ್ತಾಗುವ ಮೊದಲು ನಿಮ್ಮ ಮಗುವಿಗೆ ಗೊತ್ತಾಗಬೇಕು. ಕಪ್ಪೆ ಅದನ್ನು ಮಂಚ ಅಂದುಕೊಂಡಿದೆ, ಮಗುವಿಗೆ ಅದು ನಾಲಿಗೆ ಅಂತ ಗೊತ್ತು. "ಏಯ್ ಅಲ್ಲಿ ಮಲಗಬೇಡ್ವೇ!" ಅಂತ ಮಗು ಕೂಗುತ್ತದೆ, ಕೂಗುತ್ತಲೇ ನಗುತ್ತದೆ. ಒಂದು ಹೆಜ್ಜೆ ಮುಂದಿರುವವರಿಗೆ ಹೆದರಿಕೆ ತಮಾಷೆಯಾಗಿ ಕಾಣುತ್ತದೆ. ಅದೇ ಮೊಸಳೆ ಯಾವ ಸುಳಿವೂ ಇಲ್ಲದೆ ಪುಟ ತಿರುಗಿಸಿದ ಕೂಡಲೇ ಹಾರಿ ಬಂದರೆ ಅದು ಬರೀ ಹೆದರಿಕೆ. ಆವತ್ತು ರಾತ್ರಿ ನೀವೂ ಮಲಗುವ ಹಾಗಿಲ್ಲ.

ಮೂರನೆಯದು, ಪೆಟ್ಟು ಯಾರಿಗೆ ಬೀಳುತ್ತದೆ? ಹೊಟ್ಟೆಬಾಕ ಮೊಸಳೆಗೆ, ಜಂಬದ ಹುಂಜಕ್ಕೆ, ಮಾತು ತಪ್ಪಿದ ಗೌಡನಿಗೆ ಬಿದ್ದರೆ ಮಕ್ಕಳಿಗೆ ಖುಷಿ. ಕುಂಟನಿಗೆ, ಕಪ್ಪಗಿರುವವರಿಗೆ, ದಪ್ಪಗಿರುವವರಿಗೆ, ಬಡವರಿಗೆ ಬಿದ್ದು ಅದನ್ನೇ ತಮಾಷೆ ಮಾಡಿದ್ದರೆ ಆ ಪುಸ್ತಕ ನಮ್ಮನೆ ಜಗಲಿಗೆ ಬರುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ: ಪೆಟ್ಟು ತಿನ್ನುವ ಪಾತ್ರ ನಿಮ್ಮ ಮಗುವಿನ ಹಾಗೇ ಇರಬಾರದು. ಇದನ್ನು ನಾನು ಕಲಿತದ್ದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಇನ್ನು ಕಾಗದ ಮತ್ತು ದುಡ್ಡು. ಬಯಲುಸೀಮೆಯವರಿಗೆ ಕಾಗದದ ಚಿಂತೆ ಅಷ್ಟಿರಲಿಕ್ಕಿಲ್ಲ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಮನೆ ಇದ್ದವರಿಗೆ ಇದು ದೊಡ್ಡ ವಿಷಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೂ ಬೆವರುತ್ತದೆ. ನುಣುಪು ಹೊಳಪಿನ ಕಾಗದದ ಪುಟಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ದಪ್ಪ ರಟ್ಟಿನ ಪುಟದ ಪುಸ್ತಕ ಎರಡು ವರ್ಷದ ಮಗು ಕಚ್ಚಿದರೂ ಹರಿಯುವುದಿಲ್ಲ, ಆದರೆ ನೀರು ಕುಡಿದರೆ ಉಬ್ಬಿ ಬೂಷ್ಟು ಹಿಡಿಯುತ್ತದೆ. ಸಾದಾ ಒರಟು ಕಾಗದ, ಮಧ್ಯೆ ಪಿನ್ ಹೊಡೆದದ್ದು, ನಮ್ಮ ಮಳೆಗೆ ಅದೇ ಜಾಸ್ತಿ ತಾಳುತ್ತದೆ. ಪಿನ್ ತುಕ್ಕು ಹಿಡಿದರೆ ತೆಗೆದು ದಾರ ಹಾಕಿ.

ನಮ್ಮ ಹಳೇ ಪದ್ಯಗಳು

ಕನ್ನಡದ ಮಗುವಿಗೆ ಶುರು ಮಾಡುವುದಾದರೆ ಜಿ.ಪಿ. ರಾಜರತ್ನಂ ಅವರ ತುತ್ತೂರಿ ಪದ್ಯದಿಂದ ಶುರು ಮಾಡಿ. ಬಹಳ ಜನ ಅದನ್ನು ಈ ಜಾತಿಗೆ ಸೇರಿಸುವುದೇ ಇಲ್ಲ. ಆದರೆ ನೋಡಿ, ಹುಡುಗ ತುತ್ತೂರಿ ಕೊಳ್ಳುತ್ತಾನೆ, ತನ್ನ ಹತ್ತಿರ ಮಾತ್ರ ತುತ್ತೂರಿ ಇದೆ ಅಂತ ಮೆರೆಯುತ್ತಾನೆ, ಕೊಳದ ಹತ್ತಿರ ತುತ್ತೂರಿ ಜಾರಿ ನೀರಿಗೆ ಬೀಳುತ್ತದೆ. ತುತ್ತೂರಿಗೆ ನೀರು ತುಂಬಿ, ಬಣ್ಣ ಹೋಗಿ, ಜಂಬ ಇಳಿಯುತ್ತದೆ. ಹೆದರಿಕೆ ಒಂದು ಚಿಟಿಕೆಯಷ್ಟೇ. ಯಾರೂ ಸಾಯುವುದಿಲ್ಲ. 3 ವರ್ಷದ ಮಗುವಿಗೆ ಇಷ್ಟು ಸಾಕು. ಓಟವಂತೂ ಕೇಳುವುದೇ ಬೇಡ, ಅಕ್ಷರ ಬಾರದ ಮಗುವೂ ಎರಡು ದಿನಕ್ಕೆ ಬಾಯಿಪಾಠ ಹೇಳುತ್ತದೆ.

ಅದಾದ ಮೇಲೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಇದಕ್ಕೆ ನಾನು ಯಾವ ಪುಸ್ತಕವನ್ನೂ ಸಮ ಅನ್ನುವುದಿಲ್ಲ, ಇದು ಅಭಿಮಾನದ ಮಾತು ಅಂದರೂ ಸರಿ. ಮೂಲದ ಕಥೆ ಜರ್ಮನಿಯ ಹ್ಯಾಮೆಲಿನ್ ಊರಿನದು. ರಾಬರ್ಟ್ ಬ್ರೌನಿಂಗ್ ಅದನ್ನು ಇಂಗ್ಲಿಷಿನಲ್ಲಿ ಪದ್ಯ ಮಾಡಿದ. 1842ರಲ್ಲಿ ಅಚ್ಚಾಯಿತು. ಕಾಯಿಲೆ ಬಿದ್ದು ಮಲಗಿದ್ದ ಸ್ನೇಹಿತನ ಮಗನಿಗೆ ಅಂತ ಬರೆದದ್ದು ಅದು. ಕುಪ್ಪಳಿಯ ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದು ನೆಟ್ಟರು. ಊರಿನ ಗೌಡ ಬಂದ, ಜೋಗಿ ಬಂದ, ಇಲಿಗಳೂ ನಮ್ಮ ಇಲಿಗಳೇ ಆದವು. ಇಲಿಗಳ ಪಟ್ಟಿ ಬರುವ ಜಾಗ ಇದೆಯಲ್ಲ, ಅಣ್ಣ ತಮ್ಮ ಅಪ್ಪ ಅವ್ವ ಎಲ್ಲ ಇಲಿಗಳಾಗಿ ಓಡಿ ಬರುವುದು, ಅಲ್ಲಿ ನಮ್ಮ ಜಗಲಿಯ ಮಕ್ಕಳು ಎದ್ದು ನಿಂತು ಕುಣಿಯುತ್ತಾರೆ.

ಆದರೆ ಗಮನವಿರಲಿ. ಇಲಿ ಮುಳುಗುವ ತನಕ ನಗು, ಅಲ್ಲಿಂದ ಮುಂದೆ ನಗು ನಿಲ್ಲುತ್ತದೆ. ಗೌಡ ಮಾತು ತಪ್ಪುತ್ತಾನೆ, ಮಕ್ಕಳು ಜೋಗಿಯ ಹಿಂದೆ ಹೊರಟುಹೋಗುತ್ತಾರೆ. 4 ವರ್ಷದ ಮಗುವಿಗೆ ಇಲಿಗಳ ಭಾಗಕ್ಕೇ ನಿಲ್ಲಿಸಿದರೂ ತಪ್ಪಿಲ್ಲ. 6 ದಾಟಿದವರಿಗೆ ಪೂರ್ತಿ ಓದಿ, ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿರಿ. ಅವರು ಕೇಳುತ್ತಾರೆ, ಮಾತಾಡುತ್ತಾರೆ. ಪದ್ಯ ಉದ್ದವಿದೆ, ಒಂದೇ ಸಲಕ್ಕೆ ಮುಗಿಸಬೇಕೆಂದಿಲ್ಲ. ಒಂದು ದಿನ ರಜೆ ಇಟ್ಟುಕೊಂಡು ಕುಪ್ಪಳಿಗೆ ಹೋಗಿ ಕವಿಮನೆ ತೋರಿಸಿಕೊಂಡು ಬಂದರೆ ಮಕ್ಕಳಿಗೆ ಇದನ್ನು ಬರೆದವರು ನಮ್ಮೂರ ಕಡೆಯವರು ಅಂತ ಗೊತ್ತಾಗುತ್ತದೆ.

ಗೋವಿನ ಹಾಡನ್ನು ಕೆಲವರು ಈ ಸಾಲಿಗೆ ಸೇರಿಸಿ ಕೇಳುತ್ತಾರೆ. ಅದರಲ್ಲಿ ಹುಲಿ ಇದೆ, ಸಾವಿದೆ, ಪ್ರಾಸವೂ ಇದೆ. ನಗು ಇಲ್ಲ. ಪುಣ್ಯಕೋಟಿ ಕೇಳಿ ಅಳದ ಮಗುವನ್ನು ನಾನು ನೋಡಿಲ್ಲ. ಅಳಿಸುವ ಪದ್ಯವೂ ಬೇಕು, ಆದರೆ ಅದಕ್ಕೆ ಬೇರೆ ದಿನ ಇಡಿ.

ಹಳೇ ಪದ್ಯಗಳ ತೊಂದರೆ ಇರುವುದು ಚಿತ್ರದಲ್ಲಿ. ಬಹಳ ಸಲ ಇವು ಸಂಕಲನದೊಳಗೆ ಸಣ್ಣ ಅಕ್ಷರದಲ್ಲಿ ಸಿಗುತ್ತವೆ. ಪುಟಕ್ಕೊಂದು ಚಿತ್ರ ಇರುವ ಬಿಡಿ ಪುಸ್ತಕ ಸಿಕ್ಕರೆ ಅದನ್ನೇ ತಗೊಳ್ಳಿ, ಒಂದಿಷ್ಟು ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಸಿಗದಿದ್ದರೆ ಸಂಕಲನ ನಿಮ್ಮ ಕೈಲಿರಲಿ, ಮಗುವಿನ ಕೈಗೆ ಕ್ರೇಯಾನ್ ಮತ್ತು ಕಾಗದ ಕೊಡಿ. ನೀವು ಓದುತ್ತಾ ಹೋಗಿ, ಇಲಿಗಳನ್ನು ಅವರು ಬರೆಯುತ್ತಾರೆ.

ಇಂಗ್ಲಿಷಿನ ಹೆಸರಾಂತ ಪುಸ್ತಕಗಳು

ಈ ಜಾತಿಯ ಚಿತ್ರಪುಸ್ತಕಕ್ಕೆ ಅಜ್ಜನ ಹಾಗಿರುವುದು ಜರ್ಮನ್ ಭಾಷೆಯ 'ಸ್ಟ್ರುವ್ವೆಲ್‌ಪೀಟರ್'. ಬರೆದವನು ಫ್ರಾಂಕ್‌ಫರ್ಟಿನ ಡಾಕ್ಟರು, ಹೈನ್‌ರಿಷ್ ಹಾಫ್‌ಮನ್. 1844ರ ಕ್ರಿಸ್‌ಮಸ್‌ಗೆ 3 ವರ್ಷದ ಮಗನಿಗೆ ಪುಸ್ತಕ ಹುಡುಕಿದ, ಒಂದೂ ಹಿಡಿಸಲಿಲ್ಲ, ತಾನೇ ಪದ್ಯ ಬರೆದು ಚಿತ್ರ ಬಿಡಿಸಿ ಕೊಟ್ಟ. ಮರುವರ್ಷ ಅಚ್ಚಾಯಿತು. ಬೆಂಕಿಕಡ್ಡಿಯ ಜೊತೆ ಆಡಿದ ಹುಡುಗಿ ಬೂದಿಯಾಗುತ್ತಾಳೆ, ಬೆಕ್ಕುಗಳು ಅಳುತ್ತವೆ. ಸೂಪು ಬೇಡ ಅಂದ ಹುಡುಗ ಐದನೇ ದಿನಕ್ಕೆ ಸತ್ತೇಹೋಗುತ್ತಾನೆ. ಬೆರಳು ಚೀಪುವವನ ಹೆಬ್ಬೆರಳನ್ನು ದರ್ಜಿಯೊಬ್ಬ ದೊಡ್ಡ ಕತ್ತರಿ ತಂದು ಕತ್ತರಿಸುತ್ತಾನೆ.

ಈ ಕೊನೆಯದನ್ನು ನಾನು ತಂಗಿಯ ಮಗಳಿಗೆ ಹೇಳಿದ್ದೆ, ಅವಳಿಗಿನ್ನೂ 4 ತುಂಬಿರಲಿಲ್ಲ. ಅವಳೂ ಬೆರಳು ಚೀಪುತ್ತಿದ್ದಳು. ಆ ನೆನಪು ನನಗೆ ಆಗ ಬರಲಿಲ್ಲ. ಕಥೆ ಮುಗಿಯುವಾಗ ಅವಳು ಎರಡೂ ಕೈಯನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡಿದ್ದಳು. ಊಟಕ್ಕೆ ಕೂತಾಗಲೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡೇ ಅನ್ನ ಕಲಸಲು ನೋಡಿದಳು. ಮನೆಯ ಹೊಲಿಗೆ ಪೆಟ್ಟಿಗೆಯ ಕತ್ತರಿಯನ್ನು ಅವಳ ಕಣ್ಣೆದುರೇ ಬೀಗ ಹಾಕಿ ಇಟ್ಟ ಮೇಲೆ ಮಲಗಿದಳು. ಪೆಟ್ಟು ತಿನ್ನುವ ಪಾತ್ರ ನಿಮ್ಮ ಮಗುವಿನ ಹಾಗಿರಬಾರದು ಅಂತ ಆಗಲೇ ಹೇಳಿದೆನಲ್ಲ, ಅದು ಆ ರಾತ್ರಿಯ ಪಾಠ. ಊಟ ಸರಿಯಾಗಿ ಮಾಡದ ಮಗುವಿಗೆ ಸೂಪಿನ ಹುಡುಗನ ಪದ್ಯ ಓದಬೇಡಿ. ಬುದ್ಧಿ ಬರಲಿ ಅಂತ ಓದುವುದಾದರಂತೂ ಬೇಡವೇ ಬೇಡ. ಮಗು ಅಲ್ಲಿ ನಗುವುದಿಲ್ಲ, ಬೆದರುತ್ತದೆ.

ಹಿಲೇರ್ ಬೆಲಕ್ 1907ರಲ್ಲಿ ಬರೆದ ಎಚ್ಚರಿಕೆಯ ಪದ್ಯಗಳು ಇದೇ ದಾರಿಯವು, ಆದರೆ ಹೆಚ್ಚು ನಗಿಸುತ್ತವೆ. ದಾದಿಯ ಕೈ ಬಿಟ್ಟು ಓಡಿದ ಹುಡುಗನನ್ನು ಸಿಂಹ ಕಾಲಿನಿಂದ ಶುರು ಮಾಡಿ ತಿನ್ನುತ್ತದೆ. ಅತಿ ಆದದ್ದರಿಂದಲೇ ನಗು ಬರುತ್ತದೆ. ಆದರೆ ಆ ಇಂಗ್ಲಿಷ್ ಹಳೆಯದು, 8 ವರ್ಷದೊಳಗಿನವರಿಗೆ ಕಷ್ಟ. ರೋಲ್ಡ್ ಡಾಲ್ 1982ರಲ್ಲಿ ಬರೆದ 'ರಿವೋಲ್ಟಿಂಗ್ ರೈಮ್ಸ್' ಕೂಡ ದೊಡ್ಡ ಮಕ್ಕಳದ್ದೇ. ಕೆಂಪು ಟೋಪಿಯ ಹುಡುಗಿ ಪಿಸ್ತೂಲು ತೆಗೆದು ತೋಳವನ್ನು ಕೊಂದು ಅದರ ಚರ್ಮದ ಕೋಟು ಹಾಕಿಕೊಳ್ಳುತ್ತಾಳೆ. ಮೂಲ ಕಥೆ ಗೊತ್ತಿದ್ದರೆ ಮಾತ್ರ ಇದರ ಮಜಾ. ಮೂಲ ಮೊದಲು ಹೇಳಿ, ಇದನ್ನು ಆಮೇಲೆ ಕೊಡಿ. ಇನ್ನೊಂದು ಎಚ್ಚರಿಕೆ: ಎಡ್ವರ್ಡ್ ಗೋರಿ 1963ರಲ್ಲಿ ಮಾಡಿದ ಅಕ್ಷರಮಾಲೆಯ ಪುಸ್ತಕವೊಂದಿದೆ, 26 ಅಕ್ಷರಕ್ಕೆ 26 ಮಕ್ಕಳ ಸಾವು. ಎಬಿಸಿಡಿ ಪುಸ್ತಕ ಅಂದುಕೊಂಡು ಆರ್ಡರ್ ಮಾಡಿಬಿಡಬೇಡಿ, ಅದು ದೊಡ್ಡವರಿಗೆ.

ಪುಟ್ಟವರಿಗೆ ಇಂಗ್ಲಿಷಿನದ್ದೇ ಬೇಕು ಅಂದರೆ ಜೂಲಿಯಾ ಡೊನಾಲ್ಡ್‌ಸನ್ ಅವರ 'ಗ್ರಫಲೋ'. 1999ರದು, ಚಿತ್ರ ಆಕ್ಸೆಲ್ ಶೆಫ್ಲರ್ ಅವರದು. ಪುಟ್ಟ ಇಲಿಯೊಂದು ತನ್ನನ್ನು ತಿನ್ನಲು ಬಂದವರನ್ನೆಲ್ಲ ಇಲ್ಲದ ಭೂತದ ಹೆಸರು ಹೇಳಿ ಓಡಿಸುತ್ತದೆ. ಕೊನೆಗೆ ಆ ಭೂತವೇ ಎದುರಿಗೆ ಬರುತ್ತದೆ. ಹುಲಿಯನ್ನು ಹಿಂದಿಟ್ಟುಕೊಂಡು ಕಾಡನ್ನೆಲ್ಲ ಹೆದರಿಸುವ ನರಿಯ ಚೀನೀ ಕಥೆ ಇದಕ್ಕೆ ಮೂಲ. ನಮ್ಮ ಮಕ್ಕಳಿಗೆ ಇದು ಹೊರಗಿನದು ಅನ್ನಿಸುವುದೇ ಇಲ್ಲ. ನಾನು ಹೇಳಿದ ಅಳತೆಗೆಲ್ಲ ಇದು ಸರಿಯಾಗಿ ಕೂರುತ್ತದೆ: ಓಟ ಇದೆ, ಮಗು ಒಂದು ಹೆಜ್ಜೆ ಮುಂದಿರುತ್ತದೆ, ಗೆಲ್ಲುವುದು ಪುಟ್ಟ ಇಲಿ.

ತೊಂದರೆ ಎಲ್ಲಿ ಅಂದರೆ, ಮನೆಯಲ್ಲಿ ಕನ್ನಡ ಮಾತಾಡುವ 3–4 ವರ್ಷದ ಮಗುವಿಗೆ ನೀವು ಸಾಲು ಸಾಲನ್ನೂ ಕನ್ನಡ ಮಾಡಿ ಹೇಳಬೇಕಾಗುತ್ತದೆ. ಆಗ ಪ್ರಾಸ ಹೋಗುತ್ತದೆ. ಪ್ರಾಸ ಹೋದರೆ ಹೆದರಿಕೆಯನ್ನು ಹಗುರ ಮಾಡುತ್ತಿದ್ದದ್ದೇ ಹೋದ ಹಾಗೆ. ಸೇತುವೆಯ ಕಂಬಿ ಕಿತ್ತು ಮಗುವನ್ನು ಹೊಳೆ ತೋರಿಸಲು ಕರೆದುಕೊಂಡು ಹೋದ ಹಾಗಾಗುತ್ತದೆ. ಹಾಗಾಗಿ ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಓದಿ. ಅರ್ಥ ಆಗದಿದ್ದರೂ ತಾಳ ಅರ್ಥವಾಗುತ್ತದೆ, ಉಳಿದದ್ದನ್ನು ಚಿತ್ರ ಹೇಳುತ್ತದೆ. ಎರಡನೇ ಸಲ ಕಥೆ ಕನ್ನಡದಲ್ಲಿ ಹೇಳಿ. ಬೆಲೆ ಸಾಮಾನ್ಯವಾಗಿ 300ರಿಂದ 500 ರೂಪಾಯಿ ಬೀಳುತ್ತದೆ. ಹೊಳಪಿನ ಕಾಗದ, ಮಳೆಗೆ ಆಗಿಬರುವುದಿಲ್ಲ. ನಮ್ಮನೆಯ ಒಂದು ಪುಸ್ತಕದಲ್ಲಿ ಎರಡು ಪುಟ ಅಂಟಿ, ರಾಕ್ಷಸನ ಮುಖ ನರಿಯ ಬೆನ್ನಿಗೆ ಹತ್ತಿಕೊಂಡಿದೆ.

ಕಮ್ಮಿ ಬೆಲೆಯ ಕನ್ನಡ ಪುಸ್ತಕ, ಬಿಟ್ಟಿ ಪುಸ್ತಕ

ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್ ಇಂಥವರ ತೆಳು ಪುಸ್ತಕಗಳು 100 ರೂಪಾಯಿ ಒಳಗೆ ಸಿಗುತ್ತವೆ. ಶಿವಮೊಗ್ಗದ ದುರ್ಗಿಗುಡಿ, ಗಾಂಧಿ ಬಜಾರಿನ ಕಡೆ ಹೋದಾಗ ಕೇಳಿ ನೋಡಿ, ಪುಸ್ತಕ ಮೇಳ ಬಂದಾಗಂತೂ ಬಿಡಬೇಡಿ. ಚಿತ್ರ ಚೆನ್ನಾಗಿರುತ್ತದೆ, ಮಗು ಹರಿದರೂ ಹೊಟ್ಟೆ ಉರಿಯುವುದಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ಗದ್ಯ. ಪದ್ಯದಲ್ಲಿರುವವೂ ಬೇರೆ ಭಾಷೆಯಿಂದ ಬಂದಿದ್ದರೆ ಮೊಸಳೆ "ಮಲಗಿತ್ತು", ಕಪ್ಪೆ "ಕುಳಿತುಕೊಂಡಿತ್ತು" ಅನ್ನುವ ಹಾಗೆ ಆಗಿರುವ ಸಾಧ್ಯತೆ ಜಾಸ್ತಿ. ಅನುವಾದ ಮಾಡಿದವರು ಮಾತ್ರೆ ಎಣಿಸಿದ್ದಾರಾ ಅಂತ ಬಾಯಿಬಿಟ್ಟು ಓದಿಯೇ ತಿಳಿಯಬೇಕು. ಒಳ್ಳೆಯ ಅನುವಾದವೂ ಇರುತ್ತದೆ. ಸಿಕ್ಕರೆ ಎರಡು ಪ್ರತಿ ತಂದಿಡಿ, ಒಂದು ಹುಟ್ಟುಹಬ್ಬಕ್ಕೆ ಕೊಡಲು ಆಗುತ್ತದೆ.

ದುಡ್ಡೇ ಬೇಡ ಅಂದರೆ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ಇದೆ. ಇದೂ ಪ್ರಥಮ್ ಬುಕ್ಸ್‌ನವರದೇ, 2015ರಲ್ಲಿ ಶುರುವಾಯಿತು. ಕನ್ನಡದ ಕಥೆಗಳು ಬೇಕಾದಷ್ಟಿವೆ. ಓದುವ ಮಟ್ಟ 1ರಿಂದ 4ರ ತನಕ ಗುರುತು ಮಾಡಿರುತ್ತಾರೆ. ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಿಸಬಹುದು, ನೀವೇ ಕನ್ನಡಕ್ಕೆ ಅನುವಾದ ಮಾಡಿ ಹಾಕಬಹುದು. ಯಾರು ಬೇಕಾದರೂ ಬರೆದು ಹಾಕಬಹುದಾದ್ದರಿಂದ ಗಟ್ಟಿ ಕಾಳೂ ಇದೆ, ಜೊಳ್ಳೂ ಇದೆ, ಆರಿಸುವ ಕೆಲಸ ನಿಮ್ಮದು. ಫೋನಿನಲ್ಲಿ ಓದುವುದನ್ನು ನಾನು ಈ ಜಾತಿಯ ಪುಸ್ತಕಕ್ಕೆ ಮಾತ್ರ ಬೇಡ ಅನ್ನುತ್ತೇನೆ. ಕಾರಣ ಇಷ್ಟೇ. ಹೆದರಿಕೆಯ ತಮಾಷೆಯೆಲ್ಲ ಇರುವುದು ಪುಟ ತಿರುಗಿಸುವುದರಲ್ಲಿ. ಮಗು ಪುಟದ ಮೂಲೆ ಹಿಡಿದು, ಅರ್ಧ ಎತ್ತಿ, ಸಂದಿಯಲ್ಲಿ ಇಣುಕಿ, ಮತ್ತೆ ಮುಚ್ಚಿ, ನಿಮ್ಮ ಮುಖ ನೋಡಿ, ಆಮೇಲೆ ತಿರುಗಿಸುತ್ತದೆ. ಎಷ್ಟು ಹೆದರಬೇಕು ಅನ್ನುವುದನ್ನು ಅದೇ ಬೆರಳಿನಿಂದ ಅಳತೆ ಮಾಡಿಕೊಳ್ಳುತ್ತದೆ. ಫೋನಿನಲ್ಲಿ ಬೆರಳು ತಾಗಿತೋ ಇಲ್ಲವೋ ರಾಕ್ಷಸ ಬಂದುಬಿಡುತ್ತಾನೆ. 10–12 ಪುಟದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ಹಾಕಿಸಿ. ನಾನು ಹಾಕಿಸುವಲ್ಲಿ ಪುಟಕ್ಕೆ 10 ರೂಪಾಯಿ ತಗೊಳ್ಳುತ್ತಾರೆ. ಕಪ್ಪು ಬಿಳುಪಲ್ಲಿ ಹಾಕಿಸಿದರೆ ಇನ್ನೂ ಕಮ್ಮಿ, ಬಣ್ಣ ಮಕ್ಕಳೇ ತುಂಬುತ್ತಾರೆ.

ಮನೆಯಲ್ಲೇ ಮಾಡುವ ಪುಸ್ತಕ

ಬ್ರೌನಿಂಗ್ ಬರೆದದ್ದು ಕಾಯಿಲೆಯ ಹುಡುಗನೊಬ್ಬನಿಗೆ, ಹಾಫ್‌ಮನ್ ಬರೆದದ್ದು ತನ್ನ ಮಗನಿಗೆ. ಇಬ್ಬರಿಗೂ ಎದುರಿಗಿರುವ ಮಗು ಯಾವುದು ಅಂತ ಗೊತ್ತಿತ್ತು. ನಿಮಗೂ ಗೊತ್ತು. ನಿಮ್ಮ ಮಗು ಯಾವುದಕ್ಕೆ ಹೆದರುತ್ತದೆ, ಎಷ್ಟು ಹೆದರುತ್ತದೆ, ಯಾವುದನ್ನು ಕಂಡು ನಗುತ್ತದೆ ಅನ್ನುವುದು ಬೆಂಗಳೂರಿನ ಪ್ರಕಾಶಕರಿಗಾಗಲಿ ಲಂಡನ್ನಿನ ಪ್ರಕಾಶಕರಿಗಾಗಲಿ ಗೊತ್ತಿರುವುದಿಲ್ಲ.

ಕತ್ತರಿಯ ರಾತ್ರಿಯಾದ ಮೇಲೆ ನಾವು ಒಂದು ಪುಸ್ತಕ ಮಾಡಿದೆವು. ಅವಳಿಗೆ ಉಂಬಳ ಅಂದರೆ ಅಸಹ್ಯವೂ ಹೌದು, ಬಿಡಲಾರದ ಕುತೂಹಲವೂ ಹೌದು. ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆ ಅದು, ಇಂಬಳ ಅನ್ನುವವರೂ ನಮ್ಮಲ್ಲಿದ್ದಾರೆ. ತೋಟಕ್ಕೆ ಹೋಗಿ ಬಂದವರ ಕಾಲನ್ನೆಲ್ಲ ಬಗ್ಗಿ ಬಗ್ಗಿ ನೋಡುತ್ತಾಳೆ. ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಹಿಂಬದಿ ಮೇಲೆ ಬರುವ ಹಾಗೆ ಮಡಚಿ, ಮಧ್ಯೆ ದಬ್ಬಣದಲ್ಲಿ ಮೂರು ತೂತು ಮಾಡಿ ದಾರ ಹಾಕಿದೆ. ಮೊದಲ ಪುಟಕ್ಕೆ ಅವಳು ಒಂದು ದೊಡ್ಡ ಕಾಲು ಬರೆದಳು, ಆರು ಬೆರಳು. ನಾನು ಬರೆದ ಸಾಲು ಇವು, ಪುಟಕ್ಕೆ ಎರಡು:

ಕಡ್ಡಿಯ ಹಾಗಿನ ಉಂಬಳ ಒಂದು
ಮಾವನ ಕಾಲಿಗೆ ಹತ್ತಿತು ಬಂದು

ಹೀರಿತು ಹೀರಿತು ಹೊಟ್ಟೆಯ ತುಂಬ
ಊದಿದ ಹಾಗೇ ಏರಿತು ಜಂಬ

ಸಾಕೋ ಎಂದರೆ ಕೇಳಲೆ ಇಲ್ಲ
ಉಪ್ಪಿನ ಡಬ್ಬಿಗೆ ಗೊತ್ತಿದೆ ಎಲ್ಲ

ಅದರ ಮುಂದಿನ ಪುಟದಲ್ಲಿ ಮಾತಿಲ್ಲ. ಅಜ್ಜಿಯ ಕೈ, ಬಳೆ, ಉಪ್ಪಿನ ಡಬ್ಬಿ. ಕೊನೆಯ ಪುಟದಲ್ಲಿ ನೆಲದ ಮೇಲೆ ಒಂದು ಸಣ್ಣ ಕೆಂಪು ಚುಕ್ಕೆ. ಉಪ್ಪು ಬಿದ್ದರೆ ಉಂಬಳ ಕಚ್ಚಿದ್ದು ಬಿಟ್ಟು ಮುದುಡಿ ಬೀಳುತ್ತದೆ ಅಂತ ಮಲೆನಾಡಿನ ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ. ಡಬ್ಬಿಯ ಸಾಲು ಬರುವ ಮೊದಲೇ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿರುತ್ತಾಳೆ. "ದೊಡ್ಡಮ್ಮ, ಅದಕ್ಕೆ ಗೊತ್ತೇ ಇಲ್ಲ!" ಅನ್ನುತ್ತಾಳೆ. ಬೆಂಗಳೂರಿನಿಂದ ಬಂದಿದ್ದ ಅವಳ ಅತ್ತೆ ಮಗನಿಗೆ ಮಾತ್ರ ಇದು ನಗುವಾಗಲಿಲ್ಲ. ಅವನು ಉಂಬಳ ನೋಡಿರಲಿಲ್ಲ, ಉಪ್ಪಿನ ಗುಟ್ಟೂ ಗೊತ್ತಿರಲಿಲ್ಲ. ಮನೆಯಲ್ಲಿ ಮಾಡಿದ ಪುಸ್ತಕದ ಮಿತಿ ಇದೇ, ಅದು ಆ ಮನೆಯದು. ಚಿತ್ರ ಅಚ್ಚುಕಟ್ಟಾಗಿರುವುದಿಲ್ಲ, ಅರ್ಧ ದಿನ ಹಿಡಿಯುತ್ತದೆ, ಎಲ್ಲರಿಗೂ ಪ್ರಾಸ ಹೊಂದುವುದೂ ಇಲ್ಲ. ಹೊಂದದಿದ್ದರೆ ಮನೆಯಲ್ಲಿರುವ ಹಿರಿಯರನ್ನು ಕೇಳಿ. ನಮ್ಮ ಅಜ್ಜಿಯಂದಿರ ಬಾಯಲ್ಲಿ ಗುಮ್ಮನ ಪದ, ನರಿಯ ಪದ ಎಷ್ಟಿವೆ ಅಂತ ಕೇಳುವ ತನಕ ನಮಗೇ ಗೊತ್ತಿರುವುದಿಲ್ಲ. ಅದನ್ನೇ ಬರೆದುಕೊಂಡು ಚಿತ್ರ ಹಾಕಿ.

ನಿಮ್ಮನೆಗೆ ಯಾವುದು?

ಮಗುವಿಗೆ 3 ವರ್ಷ ಇನ್ನೂ ತುಂಬಿಲ್ಲ ಅಂದರೆ ಏನೂ ಕೊಳ್ಳಬೇಡಿ. ತುತ್ತೂರಿ ಹಾಡಿ, ಬಟ್ಟಲು ನೀರಿಗೆ ಹಾಕಿ ಬುಳಬುಳ ಅನ್ನಿಸಿ ತೋರಿಸಿ. 3ರಿಂದ 5ರವರಿಗೆ, ಕೈಲಿ 500 ರೂಪಾಯಿ ಇದೆ ಅಂದುಕೊಂಡರೆ, ನಾನಾಗಿದ್ದರೆ ಒಂದು ಹೊಳಪಿನ ಇಂಗ್ಲಿಷ್ ಪುಸ್ತಕಕ್ಕೆ ಅಷ್ಟನ್ನೂ ಸುರಿಯುವುದಿಲ್ಲ. ಕಿಂದರಿಜೋಗಿ ಒಂದು, ಬಾಯಿಬಿಟ್ಟು ಓದಿ ಆರಿಸಿದ ತೆಳು ಕನ್ನಡ ಪುಸ್ತಕ ಎರಡು, ಉಳಿದ ದುಡ್ಡಿಗೆ ದಪ್ಪ ಡ್ರಾಯಿಂಗ್ ಹಾಳೆ ಮತ್ತು ಕ್ರೇಯಾನ್. ಮನೆಯಲ್ಲಿ ಇಂಗ್ಲಿಷ್ ಓಡಾಡುತ್ತಿದ್ದರೆ, ಅಥವಾ ಶಾಲೆಯಲ್ಲಿ ಇಂಗ್ಲಿಷ್ ಕೇಳಿ ಮಗುವಿನ ಕಿವಿ ಪಳಗಿದ್ದರೆ, ಗ್ರಫಲೋಗೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ. ಇಬ್ಬರು ಮೂವರು ಮನೆಯವರು ಸೇರಿ ಒಂದು ಕೊಂಡು ವಾರಕ್ಕೊಬ್ಬರಂತೆ ಹಂಚಿಕೊಂಡರೆ ಇನ್ನೂ ಒಳ್ಳೆಯದು. ನಮ್ಮ ಬೀದಿಯಲ್ಲಿ ಹಾಗೇ ಮಾಡುತ್ತೇವೆ.

6 ದಾಟಿದ, ಯಾವುದಕ್ಕೂ ಜಗ್ಗದ ಮಕ್ಕಳಿಗೆ ಕಿಂದರಿಜೋಗಿಯ ಕೊನೆ, ಆಮೇಲೆ 8ರ ಹೊತ್ತಿಗೆ ಡಾಲ್. ಬೇಗ ಬೆದರುವ ಮಗುವಾದರೆ ವಯಸ್ಸು ನೋಡಬೇಡಿ, ಮನೆಯಲ್ಲೇ ಮಾಡಿದ ಪುಸ್ತಕದಿಂದ ಶುರು ಮಾಡಿ. ಚಿತ್ರ ಬರೆದವರೇ ಅವರಾದ್ದರಿಂದ ಭೂತ ಅವರ ಮಾತು ಕೇಳುತ್ತದೆ. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದರೆ ಇದ್ಯಾವುದೂ ಸದ್ಯಕ್ಕೆ ಬೇಡ. ಅಂಥ ಹೊತ್ತಲ್ಲಿ ಪುಣ್ಯಕೋಟಿಯೇ ಸರಿ, ಅಳು ಬಂದರೆ ಅಳಲಿ.

ಮಳೆಗಾಲ ಹಿಡಿಯುವ ಮೊದಲು ಪುಸ್ತಕಗಳನ್ನು ಬಿಸಿಲಿಗಿಟ್ಟು, ಒಣಗಿದ ಬೇವಿನ ಎಲೆ ನಡುವೆ ಹಾಕಿ, ಡಬ್ಬಿಯಲ್ಲಿ ಮುಚ್ಚಿಡಿ. ಸೌದೆ ಒಲೆ ಇರುವ ಮನೆಯಾದರೆ ಒಲೆಯ ಮೇಲಿನ ಅಟ್ಟದಷ್ಟು ಒಣ ಜಾಗ ಬೇರೆ ಇಲ್ಲ. ನಮ್ಮ ಉಂಬಳದ ಪುಸ್ತಕ ಅಲ್ಲೇ ಇದೆ, ಸ್ವಲ್ಪ ಹೊಗೆ ವಾಸನೆ ಬಂದಿದೆ. ಈಗ ಅವಳಿಗೆ ಮಂಗನ ಪುಸ್ತಕ ಬೇಕಂತೆ. ಅಡಿಕೆ ತೋಟಕ್ಕೆ ಬರುವ ಮಂಗ, ಕೊನೆಗೆ ಕೆಸರು ಗುಂಡಿಗೆ ಬೀಳಬೇಕು, ಆದರೆ ಸಾಯಬಾರದು ಅಂತ ಮೊದಲೇ ಹೇಳಿದ್ದಾಳೆ. ಗುಂಡಿಗೆ ಪ್ರಾಸ ಹುಡುಕುತ್ತಿದ್ದೇನೆ.